ಇಕ್ಕಟ್ಟಿನ ಬಾಗಿಲು, ಮಗ್ಗದ ಮನೆ: ವಿಜಯಪುರ–ಕಲಾದಗಿ ಸೀಮೆಯಲ್ಲಿ ಕ್ರೈಸ್ತ ದಾರಿಯ ಬೆಲೆ

1866ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಷಾರ್ಲೊಟ್ಟೆ ರೈಲೆನ್ ಎಂಬ ಭಕ್ತೆ ಒಂದು ಚಿತ್ರ ಬರೆಯಿಸಿದರು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಬರುವ ಎರಡು ಬಾಗಿಲು, ಎರಡು ದಾರಿಗಳ ಉಪದೇಶವೇ ಅದರ ವಸ್ತು. ಎಡಕ್ಕೆ ಅಗಲವಾದ ಹೆದ್ದಾರಿ. ಅದರ ಬದಿಗೆ ಪಾನಗೃಹ, ನಾಟಕಶಾಲೆ, ಜೂಜಿನ ಮನೆ. ತುದಿಯಲ್ಲಿ ಉರಿಯುವ ಪಟ್ಟಣ. ಬಲಕ್ಕೆ ಏರುತ್ತ ಹೋಗುವ ಸಣ್ಣ ಕಾಲುದಾರಿ. ಅದರ ಬದಿಗೆ ಚರ್ಚು, ಭಾನುವಾರದ ಶಾಲೆ, ಸೇವಾಸದನ. ತುದಿಯಲ್ಲಿ ಸ್ವರ್ಗದ ನಗರ. ಈ ಚಿತ್ರ ವುರ್ಟೆಂಬರ್ಗ್ ಸೀಮೆಯ ಭಕ್ತರ ಮನೆಗಳಲ್ಲಿ ಗೋಡೆ ಏರಿತು. ಅದೇ ಸೀಮೆಯ ರೈತರ, ಕಸುಬುದಾರರ ಮನೆಗಳಿಂದ ಬಾಸೆಲ್ ಮಿಷನ್ನಿನ ಬಹುಪಾಲು ಮಿಷನರಿಗಳು ಕನ್ನಡ ನಾಡಿಗೆ ಬಂದವರು. ಚಿತ್ರ ಅಚ್ಚಾಗುವುದಕ್ಕೆ ಮೂವತ್ತು ವರ್ಷ ಮೊದಲೇ ಆ ಎರಡು ದಾರಿಗಳ ಕಲ್ಪನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವರು ಮಂಗಳೂರಿನಲ್ಲಿ ಹಡಗಿಳಿದಿದ್ದರು.

ಆ ಚಿತ್ರದಲ್ಲಿ ಕಾಲುದಾರಿ ಹಿಡಿದವನು ಬಹುಮಟ್ಟಿಗೆ ಒಂಟಿ. ಬಾಗಿಲಲ್ಲಿ ನಿಂತು ತಾನೇ ಆಲೋಚಿಸುತ್ತಾನೆ, ತಾನೇ ಒಳಗೆ ಹೋಗುತ್ತಾನೆ. ಸುಖದ ಬದುಕು ಬೇಕೋ, ಕಠಿಣವಾದ ಕ್ರೈಸ್ತ ಬದುಕು ಬೇಕೋ ಎಂಬ ಪ್ರಶ್ನೆಯನ್ನು ಪ್ರವಚನಗಳಲ್ಲಿ ಇಂದಿಗೂ ಹೀಗೆಯೇ, ಒಬ್ಬನ ಅಂತರಂಗದ ಪ್ರಶ್ನೆಯೆಂದು ಕೇಳುತ್ತಾರೆ. ವಿಜಯಪುರ, ಕಲಾದಗಿ, ಗದಗ ಸೀಮೆಯ ಇತಿಹಾಸ ಬೇರೆ ಮಾತು ಹೇಳುತ್ತದೆ. ಇಲ್ಲಿ ಬಾಗಿಲಿಗೆ ಬಂದವನ ಹಿಂದೆ ಹೆಂಡತಿ ಇದ್ದಳು, ಅಣ್ಣತಮ್ಮಂದಿರಿದ್ದರು, ನೂಲು ಕೊಡುವ ಸಾವಕಾರನಿದ್ದ, ಕುಲದ ಪಂಚರಿದ್ದರು, ಬಾವಿ ಇತ್ತು, ಸುಡುಗಾಡು ಇತ್ತು. ಈ ಸೀಮೆಯಲ್ಲಿ ಕ್ರೈಸ್ತ ದಾರಿಯ ಕಷ್ಟವನ್ನು ಯಾರು ಎಷ್ಟು ಹೊತ್ತರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹೊರೆ ಸಮವಾಗಿ ಹಂಚಿಕೆಯಾಗಲಿಲ್ಲ ಎಂಬುದು ನನ್ನ ವಾದ. ಹೊರೆಯನ್ನು ಇಳಿಸಲು ಮಿಷನ್ ಮಾಡಿದ ಏರ್ಪಾಟುಗಳೇ ಮುಂದೆ ಮತಾಂತರಿತರ ಮೇಲಿನ ಸಂಶಯಕ್ಕೆ ಬೀಜವಾದವು ಎಂಬುದನ್ನೂ ತೋರಿಸಬೇಕಾಗಿದೆ.

ಆದಿಲ್‌ಶಾಹಿಯ ಹೆಸರಿನಲ್ಲಿ ಒಬ್ಬ ಬಿಷಪ್

ವಿಜಯಪುರದ ಹೆಸರು ಕ್ರೈಸ್ತ ಇತಿಹಾಸದಲ್ಲಿ ಬಾಸೆಲ್ಲಿನವರಿಗಿಂತ ಎರಡು ಶತಮಾನ ಹಿಂದೆಯೇ ಬರುತ್ತದೆ. ಗೋವೆಯ ದಿವಾಡಿ ದ್ವೀಪದಲ್ಲಿ 1594ರ ಸುಮಾರಿಗೆ ಹುಟ್ಟಿದ ಮಾತೆವುಸ್ ದೆ ಕಾಸ್ತ್ರೊ ಬ್ರಾಹ್ಮಣ ಮೂಲದ ಕ್ರೈಸ್ತರು. ಪಾದ್ರಿಯಾಗಬೇಕೆಂಬುದು ಅವರ ಹಂಬಲ. ಪೋರ್ಚುಗೀಸ್ ಆಳ್ವಿಕೆಯ ಗೋವೆಯಲ್ಲಿ ಈ ನೆಲದವರಿಗೆ ಅದು ಸುಲಭಕ್ಕೆ ದಕ್ಕುವ ಪದವಿಯಾಗಿರಲಿಲ್ಲ. ಅಲ್ಲಿಯ ಆರ್ಚ್‌ಬಿಷಪ್ ಒಪ್ಪಲಿಲ್ಲ. ಸುಮ್ಮನಿದ್ದಿದ್ದರೆ ಊರಲ್ಲಿ ಮಾನವಂತ ಗೃಹಸ್ಥನಾಗಿ ಬಾಳಬಹುದಿತ್ತು. ಕಾಸ್ತ್ರೊ ಭೂಮಾರ್ಗ ಹಿಡಿದು ರೋಮಿಗೆ ಹೊರಟರು, 1625ರಲ್ಲಿ ಅಲ್ಲಿ ಮುಟ್ಟಿದರು, ಓದಿದರು, ಪಾದ್ರಿಯಾದರು. 1637ರಲ್ಲಿ, 8ನೆಯ ಅರ್ಬನ್ ಪೋಪ್ ಆಗಿದ್ದಾಗ, ಅವರಿಗೆ ಬಿಷಪ್ ಪದವಿ ಸಿಕ್ಕಿತು. ಅವರಿಗೆ ವಹಿಸಿದ ಕ್ಷೇತ್ರ ಆದಿಲ್‌ಶಾಹಿ ರಾಜ್ಯ, ಎಂದರೆ ವಿಜಯಪುರ. ಲ್ಯಾಟಿನ್ ಸಂಪ್ರದಾಯದ ಚರ್ಚಿನಲ್ಲಿ ಭಾರತೀಯರೊಬ್ಬರು ಬಿಷಪ್ ಆದದ್ದು ಅದೇ ಮೊದಲು.

ಗೋವೆಯ ಅಧಿಕಾರಿಗಳು ಆ ಪದವಿಯನ್ನು ಮನ್ನಿಸಲಿಲ್ಲ. ಕಾಸ್ತ್ರೊ ಅವರು ಗಡಿಯ ಈಚೆಗೆ, ಮೊಹಮ್ಮದ್ ಆದಿಲ್‌ಶಹನ ನೆಲದಲ್ಲಿದ್ದ ಡಿಚೋಲಿಯಲ್ಲಿ ನೆಲೆಸಿದರು. ಗೋಳಗುಮ್ಮಟ ಕಟ್ಟಿಸಿದ ಸುಲ್ತಾನನ ಆಶ್ರಯದಲ್ಲಿ ಒಬ್ಬ ಕ್ರೈಸ್ತ ಬಿಷಪ್ ಕೆಲಸ ಮಾಡಿದರು ಎಂಬುದು ನಮ್ಮ ಜಿಲ್ಲೆಯ ಶಾಲಾಪುಸ್ತಕಗಳಲ್ಲಿ ಬರಬೇಕಾದ ಸಂಗತಿ. ಅವರು ಪೋರ್ಚುಗೀಸರ ವಿರುದ್ಧ ಬರೆದರು, ರೋಮಿಗೆ ಮತ್ತೆ ಮತ್ತೆ ದೂರು ಒಯ್ದರು, ಕೊನೆಗೆ ರೋಮಿನಲ್ಲಿಯೇ ತೀರಿಕೊಂಡರು. ಅವರ ದಾರಿಯನ್ನು ಕಠಿಣ ಮಾಡಿದ್ದು ಬೇರೆ ಮತದವರ ವಿರೋಧವಲ್ಲ, ಸ್ವಂತ ಚರ್ಚಿನೊಳಗಿನ ವರ್ಣಭೇದ. ಕ್ರೈಸ್ತ ದಾರಿಯ ಕಷ್ಟಗಳನ್ನು ಲೆಕ್ಕ ಹಾಕುವವರು ಇದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1640ರ ದಶಕದ ಕೊನೆಗೆ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಸನ್ಯಾಸಿಯ ವೇಷ ತೊಟ್ಟು, ಇಲ್ಲಿಯ ಆಹಾರ ನಿಯಮ ಹಿಡಿದು, ಕನ್ನಡ ಕಲಿತು ವ್ಯಾಕರಣ ಬರೆದರು. ಈ ನೆಲದ ಜನ ಧರ್ಮವನ್ನು ಹೇಳುವವನ ಮಾತನ್ನು ಕೇಳುವ ಮೊದಲು ಅವನು ಏನು ಬಿಟ್ಟಿದ್ದಾನೆ ಎಂದು ನೋಡುತ್ತಾರೆ ಎಂಬುದನ್ನು ಆ ಪಾದ್ರಿಗಳು ಬೇಗ ತಿಳಿದುಕೊಂಡಿದ್ದರು.

ಇಲ್ಲಿಯವರ ಅಳತೆಗೋಲು

ಬಾಗೇವಾಡಿಯ ಬಸವಣ್ಣನ ನೆಲದಲ್ಲಿ ಧರ್ಮದ ದಾರಿಗೆ ಎರಡು ಅಳತೆಗಳು ಮೊದಲಿನಿಂದಲೂ ಇದ್ದವು. ಒಂದು ಕಾಯಕದ ಅಳತೆ: ಮನೆಯಲ್ಲಿದ್ದು, ದುಡಿದು, ದುಡಿದದ್ದನ್ನು ದಾಸೋಹಕ್ಕೆ ಕೊಡುವುದು. ಇನ್ನೊಂದು ವಿರಕ್ತರ ಅಳತೆ: ಮನೆ, ಮಡದಿ, ಹಣ ಮೂರನ್ನೂ ಬಿಡುವುದು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನರಿ ಈ ಎರಡರಲ್ಲಿ ಯಾವುದಕ್ಕೂ ಸರಿಹೊಂದಲಿಲ್ಲ. ಅವನಿಗೆ ಬಂಗಲೆ ಇತ್ತು, ಆಳುಗಳಿದ್ದರು, ಮುಂದೆ ಹೆಂಡತಿಯೂ ಬಂದಳು. ಕೈಯಿಂದ ದುಡಿದು ತಿನ್ನುವವನೂ ಅಲ್ಲ, ಎಲ್ಲ ಬಿಟ್ಟವನೂ ಅಲ್ಲ. ಆಳುವವರ ಬಣ್ಣದವನು. ಅಂಥವನು ಇಕ್ಕಟ್ಟಾದ ದಾರಿಯ ಮಾತಾಡಿದಾಗ ಸಂತೆಯಲ್ಲಿ ನಿಂತು ಕೇಳಿದವರಿಗೆ ನಂಬುವುದು ಕಷ್ಟವಾಗಿದ್ದರೆ ಅವರನ್ನು ದೂರುವಂತಿಲ್ಲ.

ಮಿಷನರಿಗಳ ಕಡೆಯಿಂದ ನೋಡಿದರೆ ಅವರು ಬಿಟ್ಟದ್ದು ಸಣ್ಣದಾಗಿರಲಿಲ್ಲ. ಬಾಸೆಲ್ ಮಿಷನ್ ಮೊದಲ ಕಾಲದಲ್ಲಿ ಅವರಿಗೆ ಸಂಬಳವೆಂದು ಕೊಡುತ್ತಿರಲಿಲ್ಲ. ಜೀವನಕ್ಕೆ ಬೇಕಾದಷ್ಟನ್ನು ಸಮಾನ ಗಂಟಿನಿಂದ ಕೊಡುತ್ತಿತ್ತು. ಮದುವೆಯಾಗಲು ಸಮಿತಿಯ ಅಪ್ಪಣೆ ಬೇಕಿತ್ತು. ಕಾಲರಾ, ಜ್ವರಗಳಿಗೆ ಎಳೆವಯಸ್ಸಿನಲ್ಲೇ ಎಷ್ಟೋ ಮಂದಿ ಹೋದರು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಸಂಗತಿ. ಇಲ್ಲಿ ಹುಟ್ಟಿದ ಮಿಷನರಿ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದೊಡನೆ ಯುರೋಪಿಗೆ ಕಳಿಸುತ್ತಿದ್ದರು. ಅವರಿಗಾಗಿಯೇ 1853ರಲ್ಲಿ ಬಾಸೆಲ್‌ನಲ್ಲಿ ಒಂದು ವಸತಿಗೃಹ ತೆರೆಯಿತು. ತಾಯಿತಂದೆ ಇಲ್ಲಿ, ಮಕ್ಕಳು ಅಲ್ಲಿ. ನಡುವೆ ಎಷ್ಟೋ ವರ್ಷ ಬರಿಯ ಕಾಗದ. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮಾರಿ ಗುಂಡರ್ಟ್ ಹೀಗೆ ಬೆಳೆದವರು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಅವರೇ. ಕಠಿಣ ದಾರಿಯನ್ನು ಆರಿಸಿಕೊಂಡವರು ದೊಡ್ಡವರು, ಅದರ ಬೆಲೆ ತೆತ್ತವರು ಮಕ್ಕಳು. ಈ ಮಾತನ್ನು ಮುಂದೆ ನೇಕಾರರ ಮನೆಗಳ ವಿಷಯದಲ್ಲಿಯೂ ಹೇಳಬೇಕಾಗುತ್ತದೆ.

ಬಂಗಲೆಯ ಬದುಕು ತಾವು ಹೇಳುವ ಮಾತಿಗೆ ಹೊಂದುವುದಿಲ್ಲ ಎಂದು ಕಂಡುಕೊಂಡವರು ಮಿಷನ್ನಿನೊಳಗೂ ಇದ್ದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ತಮ್ಮ ದೇಶದಲ್ಲಿ ನೆಮ್ಮದಿಯ ಪಾದ್ರಿ ಹುದ್ದೆ ಹಿಡಿಯಬಹುದಾಗಿದ್ದವರು. ಮಂಗಳೂರಿನಲ್ಲಿ ಅವರು ತಮ್ಮ ಶಾಲೆಯ ಹುಡುಗರ ಜತೆಗೇ ಇದ್ದು ಅವರಂತೆಯೇ ಬಾಳಲು ಯತ್ನಿಸಿದರು. ನಾವು ಮೋಗ್ಲಿಂಗರನ್ನು 1843ರ ‘ಮಂಗಳೂರು ಸಮಾಚಾರ’ದಿಂದ, ಕನ್ನಡ ಕಾವ್ಯ ಪುರಾಣಗಳನ್ನು ಅಚ್ಚು ಹಾಕಿಸಿದ ಸಾಹಸದಿಂದ ನೆನೆಯುತ್ತೇವೆ, ಅವರ ಬದುಕಿನ ಈ ಪ್ರಯೋಗವನ್ನು ಮರೆತಿದ್ದೇವೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಕೂಡ ಕಾಲ್ನಡಿಗೆಯಲ್ಲಿ ಹಳ್ಳಿ ತಿರುಗಿ ಇಲ್ಲಿಯವರ ನಡುವೆ ಸರಳವಾಗಿ ಇರಬೇಕೆಂದು ಹೊರಟು, ಹಿರಿಯ ಮಿಷನರಿಗಳ ಅಸಮಾಧಾನಕ್ಕೆ ಗುರಿಯಾದರು. 1894ರ ನಿಘಂಟಿನ ಹಿಂದೆ ಆ ಒಂಟಿತನವೂ ಇದೆ.

ಇಷ್ಟಿದ್ದರೂ ಮಿಷನರಿಗೆ ಹಿಂದಿರುಗುವ ದಾರಿ ಒಂದಿತ್ತು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು, 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಇಲ್ಲಿ ಅವರ ಕೈಯಿಂದ ದೀಕ್ಷಾಸ್ನಾನ ಪಡೆದವರಿಗೆ ಅಂಥ ದಾರಿ ಇರಲಿಲ್ಲ.

ಮಂಗಳೂರು, 1844

ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಕರಾವಳಿಯದು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಕ್ರೈಸ್ತರಾದರು. ಹರ್ಮನ್ ಎಂದು ಗುರು ಮೋಗ್ಲಿಂಗರ ಹೆಸರನ್ನೇ ಪಡೆದರು. ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಮನೆಯ ಬಾಗಿಲು ಮುಚ್ಚಿತು, ಕೈಹಿಡಿದ ಹೆಂಡತಿ ಅವರ ಜತೆ ಬಾಳಲು ಬರಲಿಲ್ಲ. ಮೋಗ್ಲಿಂಗರ ಜತೆ ಅವರು 1846ರಲ್ಲಿ ಬಾಸೆಲ್ಲಿಗೆ ಹೋದರು, ಅಲ್ಲಿ ಓದಿ 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದರು. ತಮ್ಮ ಪಾಲಿಗೆ ಬಂದ ಆಸ್ತಿಯ ಹಣವನ್ನು ಕೊಡಗಿನಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಕಟ್ಟಿದ ಆನಂದಪುರದ ವಸಾಹತಿಗೆ ಸುರಿದರು. ಅವರು ಸುಖವನ್ನು ಬಿಟ್ಟರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಯೊಳಗೆ ಉಳಿದ ಹೆಂಡತಿಯೂ ಒಂದು ಬದುಕನ್ನು ಕಳೆದುಕೊಂಡರು. ಅವರು ಯಾವ ದಾರಿಯನ್ನೂ ಆರಿಸಿಕೊಂಡಿರಲಿಲ್ಲ. ಮಿಷನ್ ಚರಿತ್ರೆಗಳಲ್ಲಿ ಗಂಡನಿಗೆ ಅಧ್ಯಾಯಗಳಿವೆ, ಆಕೆಗೆ ಒಂದೆರಡು ವಾಕ್ಯಗಳಿವೆ.

1850ರ 21ನೆಯ ಕಾಯ್ದೆ ಬರುವವರೆಗೆ ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ಉಳಿಯುವುದು ಅನುಮಾನವಾಗಿತ್ತು. ಮತ ಬದಲಿಸಿದ, ಜಾತಿ ಕಳೆದುಕೊಂಡ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದೆಂದು ಆ ಕಾಯ್ದೆ ಹೇಳಿತು. ಕೋರ್ಟು ಹೊಲದ ಪಾಲನ್ನು ಕೊಡಿಸಬಲ್ಲದು. ಬಾವಿಗೆ ಕೊಡ ಇಳಿಸಲು, ಮಗಳಿಗೆ ಗಂಡು ಹುಡುಕಲು, ಸತ್ತವರಿಗೆ ಹೆಗಲು ಕೊಡಲು ಕೋರ್ಟಿನ ಕಾಗದ ನೆರವಾಗುವುದಿಲ್ಲ. ಬಯಲುಸೀಮೆಯ ಕಥೆ ಮುಖ್ಯವಾಗಿ ಈ ಎರಡನೆಯ ಬಗೆಯ ನಷ್ಟದ ಕಥೆ.

ಮಲಸಮುದ್ರದ ಭೂಮಿ

ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನದ ಪರಂಪರೆ ಹಳೆಯದು. ವಿಜಯಪುರದ ಮಗ್ಗುಲಿನ ಕೊಡೇಕಲ್ಲ ಬಸವಣ್ಣನ ಹೆಸರಿನಲ್ಲಿ ಅಂಥ ನುಡಿಗಳು ಇಂದಿಗೂ ಓದಿಗೆ ಬರುತ್ತವೆ. ಹೊಸ ಕಾಲ ಬರಲಿದೆ, ಜಾತಿ ಅಳಿಯಲಿದೆ, ಪಡುವಲಿಂದ ಯಾರೋ ಬರಲಿದ್ದಾರೆ ಎಂಬ ನಿರೀಕ್ಷೆ ಹೊತ್ತ ಗುಂಪುಗಳು 1840ರ ಹೊತ್ತಿಗೆ ಹುಬ್ಬಳ್ಳಿ–ಗದಗ ಭಾಗದಲ್ಲಿದ್ದವು. ಅವರಲ್ಲಿ ಕೆಲವರು ಮಿಷನರಿಗಳನ್ನು ಕಾಣಲು ಬಂದರು. ಮಿಷನರಿಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಾವಿರಾರು ಜನ ಒಟ್ಟಿಗೆ ಬರಲಿದ್ದಾರೆಂದು ನಂಬಿ, ಬಂದವರಿಗೆ ನೆಲೆಯಾಗಲೆಂದು 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಸರಕಾರದಿಂದ ಭೂಮಿ ಪಡೆದು ವಸಾಹತು ಹೂಡಿದರು. ಅದೇ ವರ್ಷ ಬೆಟಗೇರಿಯಲ್ಲಿಯೂ ಠಾಣೆ ತೆರೆಯಿತು.

ಬರುವರೆಂದು ಕಾದ ಜನ ಬರಲಿಲ್ಲ. ಮಿಷನ್ನಿನ ಬರಹಗಳು ಇದನ್ನು ಮುಖ್ಯವಾಗಿ ಜನರ ಚಂಚಲತೆಯೆಂದು ಬಗೆದವು: ಅವರಿಗೆ ಬೇಕಾದದ್ದು ಭೂಮಿ, ಸತ್ಯವಲ್ಲ ಎಂದು. ಈ ತೀರ್ಪನ್ನು ನಾನು ಒಪ್ಪಲಾರೆ. ಒಂದು ಕುಟುಂಬ ತನ್ನ ಊರು, ಗುರುಮನೆ, ನೆಂಟರನ್ನು ಬಿಟ್ಟು ಕಾಣದ ಹೊಲಕ್ಕೆ ಹೋಗಬೇಕಾದರೆ ಹೋದಲ್ಲಿ ಉಣ್ಣುವುದು ಹೇಗೆಂದು ಕೇಳುವುದು ಲೋಭವಲ್ಲ, ಮಕ್ಕಳಿರುವವರ ವಿವೇಕ. ಆ ಪ್ರಶ್ನೆ ಏಳುತ್ತದೆಂದು ಗೊತ್ತಿದ್ದೇ ಮಿಷನರಿಗಳು ಭೂಮಿ ಪಡೆದಿದ್ದರು. ಪಡೆದ ಮೇಲೆ ಅದನ್ನು ಕೇಳಿದವರನ್ನು ಅನುಮಾನಿಸಿದರು. ದಾರಿ ಕಠಿಣವಾಗಿಯೇ ಇರಬೇಕು, ಹಿಡಿದವರು ಸಾಯಲೂ ಬಾರದು ಎಂಬ ಈ ಇಕ್ಕಟ್ಟಿನಿಂದ ಬಾಸೆಲ್ ಮಿಷನ್ನಿಗೆ ಕೊನೆಯವರೆಗೂ ಬಿಡಿಸಿಕೊಳ್ಳಲಾಗಲಿಲ್ಲ. ಮಂಗಳೂರಿನ ನೇಯ್ಗೆ ಕಾರ್ಖಾನೆ, 1865ರ ಹೆಂಚಿನ ಕಾರ್ಖಾನೆ ಎಲ್ಲದರ ಹುಟ್ಟಿಗೂ ಜಾತಿಯ ಕಸುಬಿನಿಂದ ಹೊರಬಿದ್ದವರಿಗೆ ಕೆಲಸ ಕೊಡಬೇಕೆಂಬುದು ಒಂದು ಮುಖ್ಯ ಕಾರಣ. ಕೆಲಸ ಸಿಕ್ಕಿತು. ಅದರ ಜತೆಗೆ, ಕೆಲಸಕ್ಕಾಗಿ ಕಿರಿಸ್ತಾನರಾದರು ಎಂಬ ಮಾತೂ ಅಂಟಿಕೊಂಡಿತು.

ಗುಳೇದಗುಡ್ಡದ ನೇಕಾರರು

1851ರಲ್ಲಿ ಮಿಷನ್ ಗುಳೇದಗುಡ್ಡದಲ್ಲಿ ಠಾಣೆ ಹೂಡಿತು. ಅಂದು ಅದು ಕಲಾದಗಿ ಸೀಮೆ, ಮುಂದೆ ವಿಜಯಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಖಣದ ಊರು. ಕುಪ್ಪಸದ ಖಣ ಇಲ್ಲಿಂದ ಕನ್ನಡ, ಮರಾಠಿ ಸೀಮೆಗಳ ಹೆಣ್ಣುಮಕ್ಕಳ ಮನೆ ಮುಟ್ಟುತ್ತಿತ್ತು, ಈಗಲೂ ಮುಟ್ಟುತ್ತದೆ. ನೇಕಾರರಲ್ಲಿ ದೇವಾಂಗರು, ಪಟ್ಟಸಾಲಿಗಳು, ಹಟಗಾರರು, ಕುರುಹಿನಶೆಟ್ಟಿಗಳು ಹೀಗೆ ಹಲವು ಕುಲಗಳು; ಒಂದೊಂದು ಕುಲಕ್ಕೂ ತನ್ನ ಗುಡಿ, ತನ್ನ ಪಂಚರು.

ನೇಕಾರ ಕುಲ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಮಗ್ಗದ ಮನೆಯ ವ್ಯವಹಾರ ತಿಳಿದಿರಬೇಕು. ಬಡ ನೇಕಾರನ ಕೈಯಲ್ಲಿ ನೂಲು ಕೊಳ್ಳುವ ಬಂಡವಾಳ ಇರುವುದಿಲ್ಲ. ಸಾವಕಾರ ನೂಲನ್ನೋ ಮುಂಗಡವನ್ನೋ ಕೊಡುತ್ತಾನೆ, ನೇಯ್ದ ಮಾಲು ಅವನಿಗೇ ಹೋಗುತ್ತದೆ, ಕೂಲಿ ಲೆಕ್ಕಕ್ಕೆ ಜಮೆಯಾಗುತ್ತದೆ. ಬಣ್ಣ ಹಾಕುವವರು ಬೇರೆ. ಹಾಸು ಹೂಡುವಾಗ, ಗಂಜಿ ಹಚ್ಚುವಾಗ ಓಣಿಯಲ್ಲಿ ನಾಲ್ಕು ಮನೆಯವರ ಕೈ ಬೇಕು. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತದಿದ್ದರೆ ಲಾಳಿ ಓಡುವುದಿಲ್ಲ. ಎಂದರೆ ಮಗ್ಗದ ಮುಂದೆ ಕೂತವನು ಒಬ್ಬ, ಮಗ್ಗವನ್ನು ನಡೆಸುವುದು ಇಡೀ ಓಣಿ. ಕುಲದ ಪಂಚರು ಅವನನ್ನು ಹೊರಗೆ ಹಾಕಿದರೆ ಓಣಿಯ ಕೈ ಹಿಂದೆ ಸರಿಯುತ್ತದೆ, ಸಾವಕಾರನೂ ಮುಂಗಡ ಕೊಡಲು ಹಿಂಜರಿಯುತ್ತಾನೆ. ಯಾರೂ ಅವನನ್ನು ಹೊಡೆಯಬೇಕಾಗಿಲ್ಲ, ಮಗ್ಗ ತಾನಾಗಿ ನಿಲ್ಲುತ್ತದೆ.

ಹೆಣ್ಣುಮಕ್ಕಳ ಪಾಲಿಗೆ ನಷ್ಟ ಇನ್ನೂ ಬೇರೆ. ತವರಿಗೆ ಹೋಗುವುದು ನಿಂತಿತು. ನಾಗರಪಂಚಮಿಗೆ ಅಣ್ಣ ಕರೆಯಲು ಬರುವುದಿಲ್ಲ, ಹೆರಿಗೆಗೆ ತಾಯಿ ಮನೆ ಇಲ್ಲ, ಸೀಮಂತಕ್ಕೆ ಉಡಿ ತುಂಬುವವರಿಲ್ಲ. ಕೂಡ ಹುಟ್ಟಿದವರು ಎದುರು ಬಂದರೂ ಮುಖ ತಿರುಗಿಸಿ ಹೋಗುವುದನ್ನು ಆಕೆ ದಿನಾ ಸಹಿಸಬೇಕು. ಮಕ್ಕಳ ಮದುವೆಗೆ ಊರಲ್ಲಿ ಸಂಬಂಧ ಸಿಗದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಸಭೆಗಳಲ್ಲಿ ಹುಡುಕಬೇಕು. ಬೇರೆ ಬೇರೆ ಕುಲಗಳಿಂದ ಬಂದವರು ಹೀಗೆ ಒಬ್ಬರಿಗೊಬ್ಬರು ಬೀಗರಾಗುತ್ತ ಉತ್ತರ ಕರ್ನಾಟಕದ ಪ್ರೊಟೆಸ್ಟೆಂಟ್ ಸಮುದಾಯ ಬೆಳೆಯಿತು. ಜಾತಿ ಬಿಡಬೇಕೆಂದು ಮಿಷನ್ ಪಟ್ಟು ಹಿಡಿದಿತ್ತು. ಪಟ್ಟು ಫಲಿಸಿದ್ದು ಈ ಬೀಗತನಗಳಲ್ಲಿ.

ಸಭೆಯೊಳಗೆ ಬಂದ ಮೇಲೂ ಬದುಕು ಸಡಿಲವಾಗಿರಲಿಲ್ಲ. ಕುಡಿತ, ಸಾಲ, ಜಾತ್ರೆ, ಭಾನುವಾರದ ದುಡಿಮೆ, ಮದುವೆಯ ದುಂದು ಎಲ್ಲದರ ಮೇಲೂ ಸಭೆಯ ಕಟ್ಟುಪಾಡಿತ್ತು. ತಪ್ಪಿದವರನ್ನು ಹಿರಿಯರ ಮುಂದೆ ನಿಲ್ಲಿಸುತ್ತಿದ್ದರು, ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಕುಲದ ಪಂಚರಿಂದ ಬಿಡಿಸಿಕೊಂಡು ಬಂದವರಿಗೆ ಇದು ಇನ್ನೊಂದು ಪಂಚಾಯಿತಿ ಅನ್ನಿಸಿದ್ದರೆ ಸಹಜ. ಒಂದು ವ್ಯತ್ಯಾಸವಿತ್ತು: ಇಲ್ಲಿ ಹುಡುಗಿಯರಿಗೂ ಅಕ್ಷರ ಕಲಿಸುತ್ತಿದ್ದರು. ಬೈಬಲ್ ಓದಬೇಕಾದ್ದರಿಂದ ಓದು ಕಡ್ಡಾಯದಂತೆಯೇ ಇತ್ತು. 1840ರ ದಶಕದಲ್ಲಿಯೇ ಬನಿಯನ್ನನ ಕಥೆ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ಬಂದಿತ್ತು. ಊರು, ಮನೆ ಬಿಟ್ಟು ಬೆನ್ನ ಮೇಲೆ ಹೊರೆ ಹೊತ್ತು ನಡೆಯುವವನ ಆ ಕಥೆ ಇಂಥ ಮನೆಗಳಿಗೆ ಬರಿಯ ರೂಪಕವಾಗಿ ಉಳಿದಿರಲಾರದು.

ಧಾತು–ಈಶ್ವರ ಸಂವತ್ಸರಗಳ ಬರ

1876ರಿಂದ 78ರವರೆಗಿನ ಬರ ಕಲಾದಗಿ ಜಿಲ್ಲೆಯನ್ನು ನುಂಗಿತು. 1872ರಲ್ಲಿ ಎಂಟು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಗೆ ಆರು ಲಕ್ಷ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಐವರಲ್ಲಿ ಒಬ್ಬರು ಸತ್ತರು ಇಲ್ಲವೆ ಗುಳೆ ಹೋದರು. ಕಾಳಿಗೇ ಹಣವಿಲ್ಲದ ಕಾಲಕ್ಕೆ ಖಣ ಕೊಳ್ಳುವವರಿಲ್ಲದೆ ನೇಕಾರರು ಮೊದಲ ಏಟಿಗೆ ಬಿದ್ದರು. ಮಿಷನ್ ಗಂಜಿ ಕೊಟ್ಟಿತು, ತಬ್ಬಲಿ ಮಕ್ಕಳನ್ನು ಸಾಕಿತು. ಹಾಗೆ ಸಾಕಿದ ಮಕ್ಕಳು ಕ್ರೈಸ್ತರಾಗಿ ಬೆಳೆದರು.

ಈ ಮಕ್ಕಳ ವಿಷಯದಲ್ಲಿ ಸುಖ–ಕಷ್ಟಗಳ ಆಯ್ಕೆಯ ಮಾತೇ ನಿಲ್ಲುವುದಿಲ್ಲ. ಅವರ ಮುಂದೆ ಇದ್ದದ್ದು ಬದುಕು ಅಥವಾ ಸಾವು. ಅದನ್ನೂ ಅವರು ಆರಿಸಲಿಲ್ಲ. ಹೀಗಿರುವಾಗ ಅವರ ಮೊಮ್ಮಕ್ಕಳನ್ನು ಗಂಜಿಗಾಗಿ ಧರ್ಮ ಬಿಟ್ಟವರ ಕುಲ ಎಂದು ಹೀಯಾಳಿಸುವುದು ಅನ್ಯಾಯ. ಬರದಲ್ಲಿ ಹಸಿದ ಮಗುವಿಗೆ ಅನ್ನವಿಟ್ಟದ್ದನ್ನು ಆತ್ಮಗಳ ಸುಗ್ಗಿ ಎಂದು ವರದಿ ಬರೆದು ಸಂತೋಷಪಟ್ಟವರ ಭಾಷೆಯೂ ಓದುವವರ ಮನಸ್ಸನ್ನು ನೋಯಿಸುತ್ತದೆ. ಅನ್ನವಿಟ್ಟ ಕೈಯನ್ನು ಗೌರವಿಸಿ, ಆ ಭಾಷೆಯನ್ನು ಒಪ್ಪದಿರಲು ನಮಗೆ ಸಾಧ್ಯವಾಗಬೇಕು.

ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಬಾಸೆಲ್ ಮಿಷನ್ನಿನ ವಿಜಯಪುರ ಠಾಣೆಯೂ ಆ ಹೊತ್ತಿನದೇ. ಪಾಳುಬಿದ್ದ ರಾಜಧಾನಿಗೆ ಕಚೇರಿ, ರೈಲು, ಶಾಲೆಗಳು ಬಂದವು. ಹಳ್ಳಿಯಲ್ಲಿ ಕುಲದ ಹೊರಗೆ ಬದುಕುವುದಕ್ಕಿಂತ ಪಟ್ಟಣದಲ್ಲಿ ಬದುಕುವುದು ತುಸು ಹಗುರವಾಯಿತು.

ಉತ್ತಂಗಿಯವರು ತೋರಿಸಿದ ಇನ್ನೊಂದು ಬಗೆ

ಮತಾಂತರಿತರ ಮೂರನೆಯ, ನಾಲ್ಕನೆಯ ತಲೆಮಾರಿನ ಹೊತ್ತಿಗೆ ಕ್ರೈಸ್ತ ದಾರಿಯ ಕಷ್ಟದ ಬಗೆ ಬದಲಾಗಿತ್ತು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರಿಗೆ ಮಿಷನ್ನಿನ ಶಿಕ್ಷಣ ಸಿಕ್ಕಿತ್ತು, ಪಾದ್ರಿಯ ಹುದ್ದೆಯೂ ಇತ್ತು. ಸಭೆ ನೋಡಿಕೊಂಡು, ಸಿದ್ಧ ಪ್ರವಚನ ಹೇಳಿಕೊಂಡು ಇದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಸಾಹಿತ್ಯಕ್ಕೆ ಇಳಿದು ಸಿದ್ಧರಾಮನ ಮೇಲೆ, ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ ಬರೆದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದು ಎರಡು ಧರ್ಮಗಳ ನಡುವೆ ಮಾತಿನ ದಾರಿ ತೆರೆಯಲು ನೋಡಿದರು. ಚರ್ಚಿನವರಿಗೆ ಅವರು ಅತ್ತ ಹೆಚ್ಚು ವಾಲಿದವರು, ಹೊರಗಿನವರಿಗೆ ಎಷ್ಟಾದರೂ ಪಾದ್ರಿ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ನಾಡು ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆಯಿತು.

ನನ್ನ ಮಟ್ಟಿಗೆ ಈ ಸೀಮೆಯ ಕ್ರೈಸ್ತ ಇತಿಹಾಸದಲ್ಲಿ ಇಕ್ಕಟ್ಟಿನ ದಾರಿಯನ್ನು ಕಣ್ಣು ತೆರೆದು, ತಿಳಿದು ಆರಿಸಿಕೊಂಡವರಲ್ಲಿ ಮೊದಲ ಹೆಸರು ಉತ್ತಂಗಿಯವರದು. ಅವರು ತಮ್ಮವರನ್ನು ಬಿಟ್ಟು ಹೋಗಲಿಲ್ಲ. ಬಿಟ್ಟು ಬಂದ ಹಿರಿಯರ ಲೋಕದ ಕಡೆಗೆ, ಕ್ರೈಸ್ತನಾಗಿದ್ದುಕೊಂಡೇ, ತಿರುಗಿ ನಡೆದರು. ಅಲ್ಲಿಯವರೆಗೆ ಆ ದಿಕ್ಕಿಗೆ ಯಾರೂ ಅಷ್ಟು ದೂರ ಹೋಗಿರಲಿಲ್ಲ.

ಕಾವಿ, ಕಿಸೆ, ಕಾಯ್ದೆ

ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಕಳೆದ ಶತಮಾನದ ನಡುವಿನ ದಶಕಗಳಿಂದ ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟು, ಮಾಂಸ ಬಿಟ್ಟು, ಮಠದ ರೀತಿಯಲ್ಲಿ ಬಾಳಿದರು. ಅವರಲ್ಲಿ ಮೊದಲಿಗರಾದ ಗೋವೆಯ ಅರ್ಮಾಂಡೊ ಅಲ್ವಾರಿಸ್ ಅನಿಮಾನಂದ ಸ್ವಾಮಿ ಎಂದು ಹೆಸರಾದರು. ಚಿನ್ನಾಮಿ ಕಂಡುಕೊಂಡಿದ್ದನ್ನು ಅವರು ಮೂರು ಶತಮಾನದ ಮೇಲೆ ಮತ್ತೆ ಕಂಡುಕೊಂಡರು. ಇದನ್ನು ವೇಷಪಲ್ಲಟ ಎಂದವರಿದ್ದಾರೆ. ಒಂದೆರಡು ವರ್ಷದ ವೇಷವನ್ನು ಹಾಗೆ ಹೇಳಬಹುದು, ಜೀವಮಾನದ ವ್ರತವನ್ನು ಹಾಗೆನ್ನುವುದು ಸಲ್ಲದು.

ಈ ಸೀಮೆಯ ಜನರ ಅಳತೆಗೋಲು ಎಷ್ಟು ಕಟ್ಟುನಿಟ್ಟು ಎಂಬುದನ್ನು ನಮ್ಮ ಕಾಲದಲ್ಲಿ ನೋಡಿದ್ದೇವೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದರು, 2018ರಲ್ಲಿ ಪದ್ಮಶ್ರೀ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಸೇರಿದ ಜನಸಾಗರದಲ್ಲಿ ಎಲ್ಲ ಮತದವರೂ ಇದ್ದರು. ಜಲನಗರದ ಓಣಿಯಿಂದ ಬಬಲೇಶ್ವರದ ಹೊಲದವರೆಗೆ ಯಾವ ಮತದ ಉಪದೇಶಕನೇ ಬರಲಿ, ಪಾದ್ರಿಯೇ ಆಗಲಿ ಸ್ವಾಮಿಯೇ ಆಗಲಿ, ಅವನ ಬದುಕನ್ನು ಜನ ಆ ಬದುಕಿನ ಪಕ್ಕದಲ್ಲಿಟ್ಟು ನೋಡುತ್ತಾರೆ.

ಉಪದೇಶಕರ ತ್ಯಾಗಕ್ಕೆ ಜನ ಮಣಿಯುತ್ತಾರೆ. ಸಾಮಾನ್ಯ ಕ್ರೈಸ್ತ ತೆರುವ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಸೀಮಿತವಾಗಿ ಹೊರಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತರಾದ ದಲಿತರು ಈವರೆಗೆ ಹೊರಗೇ ಇದ್ದಾರೆ. ಕರ್ನಾಟಕದಲ್ಲಿ ಅವರಿಗೆ ಪ್ರವರ್ಗ–1ರ ಸೌಲಭ್ಯವಿದೆ, ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳಲೂ ಅಡ್ಡಿಯಿದೆ. ಓಣಿ ಅದೇ, ಹೊಲದ ಕೂಲಿ ಅದೇ, ಊರವರ ಕಣ್ಣಲ್ಲಿ ಜಾತಿಯೂ ಅದೇ. ಇದರ ಮೇಲೆ 2022ರ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆಗಳನ್ನು ಆಮಿಷವೆಂದು ಹೆಸರಿಸಿತು. 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಹಣೆಬರಹ ಏನೇ ಆಗಲಿ, ಕ್ರೈಸ್ತನಾಗುವುದೆಂದರೆ ಸುಖದ ಬದುಕಿಗೆ ಹೋಗುವುದು ಎಂಬ ಅದರೊಳಗಿನ ಗ್ರಹಿಕೆಗೆ ಈ ಸೀಮೆಯ ನೂರೆಂಬತ್ತು ವರ್ಷದ ಇತಿಹಾಸದಲ್ಲಿ ಆಧಾರ ಕಡಿಮೆ. ಮಲಸಮುದ್ರದಲ್ಲಿ ಭೂಮಿ ಇದ್ದೂ ಜನ ಬರಲಿಲ್ಲ. ಗುಳೇದಗುಡ್ಡದಲ್ಲಿ ಬಂದವರು ಇದ್ದ ಮಗ್ಗವನ್ನೂ ಪಣಕ್ಕಿಟ್ಟು ಬಂದರು.

ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು 1968ರಲ್ಲಿ ದಕ್ಷಿಣ ಭಾರತ ಸಭೆಯನ್ನು ಸೇರಿದವು. ಮಿಷನರಿಗಳ ಕಾಗದಪತ್ರ, ಚಿತ್ರಗಳು ಬಾಸೆಲ್‌ನ ಭಂಡಾರದಲ್ಲಿ, ಮಂಗಳೂರಿನ ಕರ್ನಾಟಕ ದೇವಶಾಸ್ತ್ರ ಕಾಲೇಜಿನಲ್ಲಿ ಜೋಪಾನವಾಗಿವೆ. ಆ ಚಿತ್ರಗಳನ್ನು ಈಗ ಮನೆಯಲ್ಲಿ ಕೂತೇ ನೋಡಬಹುದು. ಮತಾಂತರಿತರ ಕಡೆಯ ಸಾಕ್ಷಿ ಊರೂರಿನ ಸಭೆಗಳ ದೀಕ್ಷಾಸ್ನಾನ, ಮದುವೆ, ಮರಣದ ದಫ್ತರಗಳಲ್ಲಿದೆ, ಅಜ್ಜಿಯರ ನೆನಪಿನಲ್ಲಿದೆ. ಗುಳೇದಗುಡ್ಡ, ಬೆಟಗೇರಿ, ವಿಜಯಪುರದ ಸಭೆಯ ಹಿರಿಯರು ಆ ದಫ್ತರಗಳ ಪ್ರತಿ ತೆಗೆಸಿ ಸಂಶೋಧಕರಿಗೆ ತೆರೆದಿಡಲಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಆ ಮನೆಗಳಿಗೆ ಹೋಗಿ, ತವರಿನ ಬಾಗಿಲು ಮುಚ್ಚಿದ ಮೇಲೆ ಹಿಂದಿನವರು ಹೇಗೆ ಬದುಕಿದರು ಎಂದು ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ಬರೆದುಕೊಳ್ಳಲಿ. ಕೇಳಿ ತಿಳಿದ ಅಜ್ಜಿಯರು ಇನ್ನು ಹೆಚ್ಚು ಕಾಲ ಇರುವುದಿಲ್ಲ.